ಮಾದಾಪುರದಲ್ಲಿ ಒಂದು ನಾಟಕದ ರಾತ್ರಿ



ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿ ಮಾದಾಪುರ ಎಂಬ ಊರಿದೆ. 2018ರ ಆಗಸ್ಟ್ ಮಳೆಯಲ್ಲಿ ಸುತ್ತಲಿನ ಗುಡ್ಡಗಳು ಕುಸಿದಾಗ ಅದರ ಹೆಸರನ್ನು ನೀವು ಸುದ್ದಿಯಲ್ಲಿ ಕೇಳಿರಬಹುದು. ನಾನು ಈಗ ಹೇಳಹೊರಟಿರುವುದು ಅದಕ್ಕಿಂತ ಬಹಳ ಹಿಂದಿನ, ಬಹಳ ಚಿಕ್ಕ ಮಳೆಯೊಂದರ ವಿಷಯ. 1991ರ ಮಾರ್ಚ್ ತಿಂಗಳು. ನನಗೆ ಹತ್ತು ವರ್ಷ. ಊರಿನ ಮೈದಾನದಲ್ಲಿ ಒಂದು ನಾಟಕ ಕಂಪನಿ ತಗಡಿನ ಥಿಯೇಟರು ಹಾಕಿತ್ತು. ಅಂದಿನ ನಾಟಕ 'ಸದಾರಮೆ'. ತಾತ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಥವಾ ಅವರನ್ನು ಕತ್ತಲಲ್ಲಿ ಟಾರ್ಚು ಹಿಡಿದು ಕರೆದುಕೊಂಡು ಹೋಗಲು ನನ್ನನ್ನು ಕಳಿಸಿದ್ದರು ಎಂದರೂ ಸರಿಯೇ.

ಆ ರಾತ್ರಿ ನಾಟಕ ಕೆಟ್ಟಿತು. ಹೇಗೆ ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ಹುಡುಕುತ್ತ ಹೋದರೆ ನೂರು ವರ್ಷಕ್ಕೂ ಮೀರಿದ ಇತಿಹಾಸ ತೆರೆದುಕೊಳ್ಳುತ್ತದೆ. ಅದಕ್ಕಾಗಿಯೇ ಈ ಲೇಖನ.

ಮೊದಲು ಒಂದು ಪ್ರಶ್ನೆ. ಒಪೆರಾ ಎಂದರೇನು? ಮಾತಿನಿಂದ ಅಲ್ಲ, ಹಾಡಿನಿಂದ ನಡೆಯುವ ನಾಟಕ. ಸುಮಾರು 1600ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿ ಯುರೋಪೆಲ್ಲ ಹರಡಿತು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಯಾವುದು ಎಂದು ಕೇಳಿದರೆ ಕೆಲವರು ಯಕ್ಷಗಾನ ಎನ್ನುತ್ತಾರೆ. ಆದರೆ ಯಕ್ಷಗಾನದಲ್ಲಿ ಹಾಡುವವರು ಭಾಗವತರು. ಪಾತ್ರಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ಪಾತ್ರಧಾರಿಯೇ ತನ್ನ ದುಃಖವನ್ನೂ ಸಿಟ್ಟನ್ನೂ ರಾಗದಲ್ಲಿ ಹಾಡಬೇಕು ಎಂಬ ನಿಯಮ ಇದ್ದದ್ದು ಕಂಪನಿ ನಾಟಕದಲ್ಲಿ. ಅದಕ್ಕೆ 'ಸಂಗೀತ ನಾಟಕ' ಎಂದೇ ಹೆಸರು.

ಈ ಪದ್ಧತಿಯನ್ನು ಮರಾಠಿಯಲ್ಲಿ ನೆಲೆಗೊಳಿಸಿದವರು ಅಣ್ಣಾಸಾಹೇಬ ಕಿರ್ಲೋಸ್ಕರ್ (1843–1885). ಅವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅವರ 'ಶಾಕುಂತಲ' 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. ಅದಕ್ಕೂ ಮೊದಲೇ, 1870ರ ದಶಕದಲ್ಲಿ, ಗದಗಿನಲ್ಲಿ ಒಬ್ಬ ಶಾಲಾ ಮಾಸ್ತರರಿಗೆ ಒಂದು ಸಂಕಟ ಕಾಡುತ್ತಿತ್ತು. ಮರಾಠಿ ಕಂಪನಿಗಳು ಕನ್ನಡದ ಊರುಗಳಲ್ಲಿ ಬಿಡಾರ ಹೂಡುತ್ತಿದ್ದವು. ಕನ್ನಡದ ಜನ ದುಡ್ಡು ಕೊಟ್ಟು ಮರಾಠಿ ನಾಟಕ ನೋಡಿ ಮನೆಗೆ ಹೋಗುತ್ತಿದ್ದರು. ಆ ಮಾಸ್ತರರೇ ಸಕ್ಕರಿ ಬಾಳಾಚಾರ್ಯರು (1856–1920), ಶಾಂತಕವಿ ಎಂದು ಹೆಸರಾದವರು. ಅವರು ಕಟ್ಟಿದ ಮಂಡಳಿ 'ಉಷಾಹರಣ'ವನ್ನು ಕನ್ನಡದಲ್ಲಿ ಆಡಿತು. ಗಮನಿಸಿ: ಕನ್ನಡ ವೃತ್ತಿರಂಗಭೂಮಿ ಆರಂಭವಾದದ್ದೇ ಪ್ರೇಕ್ಷಕನೊಬ್ಬನ ಅತೃಪ್ತಿಯಿಂದ. ಇತ್ತ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಕಂಪನಿ ಏರ್ಪಟ್ಟಿತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಒಂದು ಕಂಪನಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ಅದು ಏನಾಯಿತು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಕೊಡಗು ಇದನ್ನೆಲ್ಲ ದೂರ ಕುಳಿತು ನೋಡುತ್ತಿರಲಿಲ್ಲ. ಹರದಾಸ ಅಪ್ಪಚ್ಚ ಕವಿಗಳು (1868–1944) 1906ರಲ್ಲಿ ಯಯಾತಿಯ ಕಥೆಯನ್ನು ಕೊಡವ ಭಾಷೆಯಲ್ಲಿ ನಾಟಕವಾಗಿ ಬರೆದರು. ಆ ಭಾಷೆಯ ಮೊದಲ ನಾಟಕ ಅದು. ಅನಂತರ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ನಾಟಕಗಳು ಬಂದವು. ಅವುಗಳಲ್ಲಿಯೂ ಪಾತ್ರಗಳು ಹಾಡುತ್ತವೆ. ಸಂಗೀತ ನಾಟಕದ ಅಲೆ ಗುಡ್ಡ ಹತ್ತಿ ಬಂದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ ನನ್ನ ತಾತನ ಮಾತು. ಅವರು 1930ರ ದಶಕದಲ್ಲಿ ಮೈಸೂರಿನಲ್ಲಿ ಓದುತ್ತಿದ್ದಾಗ ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿದ್ದರು. ನೋಡಿದ್ದರು ಎನ್ನುವುದು ನನ್ನ ಮಾತು. ಅವರು 'ಕೇಳಿದ್ದೆ' ಎಂದೇ ಹೇಳುತ್ತಿದ್ದರು. 'ಸದಾರಮೆ ಕೇಳಿದ್ದೆ, ಕುರುಕ್ಷೇತ್ರ ಕೇಳಿದ್ದೆ.' 1934ರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದಿದ್ದರೆಂಬುದು ಪ್ರಸಿದ್ಧ. ಆ ಆನೆಯ ವಿಷಯ ಹೇಳಿ ಎಂದು ನಾನು ಪೀಡಿಸಿದರೂ ತಾತ ಹಾಡಿನ ವಿಷಯಕ್ಕೇ ಬರುತ್ತಿದ್ದರು. ಹಾಡು ಚೆನ್ನಾಗಿದ್ದರೆ ಜನ 'ವನ್ಸ್ ಮೋರ್' ಎಂದು ಕೂಗುತ್ತಿದ್ದರಂತೆ. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತಂತೆ. ನಾಟಕ ಮುಗಿಯುವಾಗ ಬೆಳಗಿನ ಜಾವ.

(ಇದು ನಮ್ಮವರದೇ ಚಾಳಿ ಎಂದುಕೊಳ್ಳಬೇಡಿ. 1786ರಲ್ಲಿ ವಿಯೆನ್ನಾದಲ್ಲಿ ಮೊತ್ಸಾರ್ಟನ 'ಫಿಗರೊ' ಒಪೆರಾಕ್ಕೆ ಇಂಥ ಕೂಗು ಎಷ್ಟು ಎದ್ದಿತೆಂದರೆ, ಒಬ್ಬರಿಗಿಂತ ಹೆಚ್ಚು ಜನ ಸೇರಿ ಹಾಡುವ ಹಾಡುಗಳನ್ನು ಮರಳಿ ಹಾಡಕೂಡದೆಂದು ಚಕ್ರವರ್ತಿ ಎರಡನೆಯ ಜೋಸೆಫ್ ಆಜ್ಞೆ ಹೊರಡಿಸಬೇಕಾಯಿತು.)

ಇಷ್ಟು ನಿರೀಕ್ಷೆ ಹೊತ್ತು ಎಪ್ಪತ್ತನಾಲ್ಕರ ವೃದ್ಧರು ಮಾದಾಪುರದ ಮೈದಾನಕ್ಕೆ ನಡೆದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನಾವು ಬೆಂಚಿನಲ್ಲಿ ಕುಳಿತೆವು. ಮೂರನೆಯ ಗಂಟೆ ಬಾರಿಸಿತು. ನಾಂದಿ ಗೀತೆ ಮುಗಿಯಿತು. ಪರದೆ ಎದ್ದ ಕೂಡಲೇ ಸಿನಿಮಾ ಹಾಡಿನ ಕ್ಯಾಸೆಟ್ಟಿಗೆ ಇಬ್ಬರು ಕುಣಿದರು. ತಾತ ಸುಮ್ಮನಿದ್ದರು. ಅನಂತರ ಕಥೆ ಆರಂಭವಾಯಿತು. ಆದರೆ ಹಾಡು ಬರಬೇಕಾದಲ್ಲೆಲ್ಲ ಮಾತು ಬಂತು. ಮಾತಿನ ನಡುವೆ ಹಾಸ್ಯ ಬಂತು. ರಂಗದ ಮುಂಭಾಗದಲ್ಲಿ ಎರಡು ಮೈಕುಗಳನ್ನು ತೂಗುಹಾಕಿದ್ದರು. ಪ್ರತಿಯೊಬ್ಬ ನಟನೂ ಎಲ್ಲಿಂದಲೋ ಬಂದು ಮೈಕಿನ ಕೆಳಗೆ ನಿಂತು, ಗದ್ದ ಮೇಲೆತ್ತಿ ಮಾತಾಡಿ, ಸರಿದು ಹೋಗುತ್ತಿದ್ದ. ಒಂದೂವರೆ ಗಂಟೆಯಲ್ಲಿ ಎರಡೇ ಹಾಡು, ಒಂದೊಂದೂ ಒಂದು ಚರಣ ಮಾತ್ರ. 'ಪಲ್ಲವಿಗೇ ನಿಲ್ಲಿಸಿಬಿಟ್ಟನಲ್ಲ' ಎಂದು ತಾತ ಅಂದರು. ಬೇರೇನೂ ಅನ್ನಲಿಲ್ಲ.

ನಾನಾದರೋ? ನಿಜ ಹೇಳಿಬಿಡುತ್ತೇನೆ. ನನಗೆ ಕುಣಿತ ಬಹಳ ಇಷ್ಟವಾಗಿತ್ತು. ಕಳ್ಳನ ಹಾಸ್ಯಕ್ಕೆ ಶಿಳ್ಳೆ ಹಾಕಿದವರಲ್ಲಿ ನಾನೂ ಒಬ್ಬ. ಹಾಡು ಬಂದಾಗ ಎದ್ದು ಹೋಗಿ ಕಡಲೆಕಾಯಿ ತಂದವನೂ ನಾನೇ.

ಆಮೇಲೆ ಮಳೆ ಬಂತು. ಕಾಫಿ ನಾಡಿನವರಲ್ಲದ ನಿಮಗೆ ಇಲ್ಲೊಂದು ವಿವರಣೆ ಬೇಕು. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಗಿಡದ ಮೊಗ್ಗುಗಳು ಒಣಗಿದಂತೆ ನಿದ್ದೆ ಮಾಡುತ್ತಿರುತ್ತವೆ. ಒಂದು ಒಳ್ಳೆಯ ಮಳೆ ಬಿದ್ದರೆ ವಾರ, ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಇದಕ್ಕೆ ಹೂಮಳೆ ಎನ್ನುತ್ತಾರೆ. ಸರಿಯಾದ ಸಮಯಕ್ಕೆ ಬಾರದಿದ್ದರೆ ವರ್ಷದ ಬೆಳೆಯೇ ಹೋಯಿತು. ಆ ವರ್ಷ ಊರವರೆಲ್ಲ ಮುಗಿಲು ನೋಡುತ್ತಿದ್ದರು. ತಗಡಿನ ಮೇಲೆ ಮೊದಲ ಹನಿ ಬಿದ್ದಾಗ ಥಿಯೇಟರಿನಲ್ಲಿ ಎದ್ದ ಚಪ್ಪಾಳೆ ನಾಟಕಕ್ಕೆ ಬಿದ್ದದ್ದಲ್ಲ. ಕುರ್ಚಿಯವರು ಎದ್ದು ಹೊರಗೆ ಹೋಗಿ ಕೈಚಾಚಿ ನೋಡಿದರು. ಅರ್ಧ ಜನ ಸಂತೋಷದಿಂದ ಮನೆಗೆ ನಡೆದರು. ಕಂಪನಿಯ ಕಲೆಕ್ಷನ್ನು ಹಾಳಾದ ರಾತ್ರಿ ಊರಿನ ಪಾಲಿಗೆ ವರ್ಷದ ಅತ್ಯುತ್ತಮ ರಾತ್ರಿಯಾಯಿತು.

ಐದು ನಿಮಿಷದಲ್ಲಿ ಕರೆಂಟು ಹೋಯಿತು, ಮೈಕು ಸತ್ತಿತು. ಯಾರೋ ಗ್ಯಾಸ್ ಲೈಟು ತಂದಿಟ್ಟರು. ರಂಗದ ಮೇಲಿದ್ದ ವಯಸ್ಸಾದ ನಟ ಒಂದು ಕ್ಷಣ ತಡೆದು, ಹಾರ್ಮೋನಿಯಂ ಮಾಸ್ತರರ ಕಡೆ ನೋಡಿ, ಶ್ರುತಿ ಮೇಲೇರಿಸಿಕೊಂಡು ಹಾಡತೊಡಗಿದರು. ಮೈಕಿಲ್ಲದೆ. ತಾತ ಬೆಂಚಿನಿಂದ ಮುಂದಕ್ಕೆ ಜರುಗಿ ಕುಳಿತರು. ಕಿವಿಯ ಹಿಂದೆ ಕೈ ಇಟ್ಟುಕೊಂಡರು. ಆ ನಟರ ಬಾಯಿ ತೆರೆಯುವುದು, ಕುತ್ತಿಗೆಯ ನರ ಉಬ್ಬುವುದು ಎಲ್ಲ ಕಾಣುತ್ತಿತ್ತು. ಆದರೆ ಮಳೆ ಈಗ ಭರಭರನೆ ಹೊಯ್ಯುತ್ತಿತ್ತು. ತಗಡಿನ ಸದ್ದಿನಲ್ಲಿ ಒಂದು ಸ್ವರವೂ ಬೆಂಚಿನವರೆಗೆ ಬರಲಿಲ್ಲ. ಸಂಜೆಯಿಂದ ಬಯಸಿದ್ದ ಹಾಡು ಕಣ್ಣೆದುರು ನಡೆಯುತ್ತಿತ್ತು, ಕೇಳಿಸುತ್ತಿರಲಿಲ್ಲ.

ದಾರಿಯಲ್ಲಿ, ಕೊಡೆಯಡಿ, ತಾತ ಅಂದದ್ದು ಇಷ್ಟೇ: 'ಅವನು ಹಾಡಿದ್ದು ಸರಿಯಾಗಿಯೇ ಇತ್ತು ಮಗಾ. ಉಸಿರು ಎಲ್ಲಿ ತಗೊಂಡ ನೋಡಿದೆ.'

ವಿಜ್ಞಾನದ ವಿದ್ಯಾರ್ಥಿಯಾದ ಮೇಲೆ ನಾನು ಈ ರಾತ್ರಿಯನ್ನು ಬಹಳ ಸಲ ಲೆಕ್ಕ ಹಾಕಿ ನೋಡಿದ್ದೇನೆ. ಬಯಲಿನಲ್ಲಿ ಧ್ವನಿಯ ಮೂಲದಿಂದ ದೂರ ಎರಡರಷ್ಟಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಕಲ್ಲಿನ ಗೋಡೆಯ ರಂಗಮಂದಿರದಲ್ಲಿ ಗೋಡೆಗಳು ಆ ನಷ್ಟವನ್ನು ಸ್ವಲ್ಪ ತುಂಬಿಕೊಡುತ್ತವೆ; ಬದಿ ತೆರೆದ ತಗಡಿನ ಚಪ್ಪರದಲ್ಲಿ ಹಾಗಾಗುವುದಿಲ್ಲ. ಹಾಗಾದರೆ ಯುರೋಪಿನ ಒಪೆರಾ ಗಾಯಕ ಇಂದಿಗೂ ಮೈಕಿಲ್ಲದೆ ದೊಡ್ಡ ವಾದ್ಯವೃಂದವನ್ನು ಮೀರಿ ಹೇಗೆ ಕೇಳಿಸುತ್ತಾನೆ? ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಅಳೆದು ವಿವರಿಸಿದರು. ವಾದ್ಯವೃಂದದ ಸದ್ದಿನ ಬಲ ಸುಮಾರು 500 ಹರ್ಟ್ಸ್‌ನ ಆಸುಪಾಸಿನಲ್ಲಿ ಹೆಚ್ಚು. ಅಲ್ಲಿಂದ ಮೇಲೆ ಹೋದಂತೆ ಕಡಿಮೆ. ಪಳಗಿದ ಗಾಯಕ ತನ್ನ ಗಂಟಲನ್ನು ಹೊಂದಿಸಿಕೊಂಡು ಸುಮಾರು 3000 ಹರ್ಟ್ಸ್‌ನ ಬಳಿ ಶಕ್ತಿಯನ್ನು ಒಟ್ಟುಗೂಡಿಸುತ್ತಾನೆ. ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ, ನಮ್ಮ ಕಿವಿಯೂ ಅಲ್ಲಿ ಬಹಳ ಸೂಕ್ಷ್ಮ. ನಮ್ಮ ಕಂಪನಿಯ ನಟರು ಈ ಲೆಕ್ಕ ಗೊತ್ತಿಲ್ಲದೆಯೂ ಮೇಲಿನ ಶ್ರುತಿಯಲ್ಲಿ, ಗಂಟಲು ತೆರೆದು ಹಾಡಿ ಕೊನೆಯ ಸಾಲಿನ ನೆಲದವರನ್ನು ಮುಟ್ಟುತ್ತಿದ್ದರು. ಆದರೆ ತಗಡಿನ ಮೇಲಿನ ಮಳೆ ವಾದ್ಯವೃಂದವಲ್ಲ. ಅದರ ಸದ್ದು ಒಂದು ಕಂಪನಾಂಕದ್ದಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲವನ್ನೂ ತುಂಬಿಬಿಡುತ್ತದೆ. ತೂರಿಕೊಂಡು ಬರಲು ಹಾಡಿಗೆ ಎಲ್ಲಿಯೂ ಸಂದಿ ಇರುವುದಿಲ್ಲ.

ಇನ್ನೊಂದು ತೊಂದರೆಯೂ ಆಗಿರಬೇಕು. ತೇವ ಏರಿದಂತೆ ತಬಲದ ಚರ್ಮ ನೀರು ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಹಾರ್ಮೋನಿಯಂನ ಹಿತ್ತಾಳೆಯ ನಾಲಗೆಗೆ ಮಳೆಯ ಪರಿವೆ ಇಲ್ಲ. ಅದು ಇದ್ದಲ್ಲೇ ಇರುತ್ತದೆ. ಪ್ಯಾರಿಸಿನಲ್ಲಿ ದಬೇನ್ ಎಂಬಾತ 1842ರಲ್ಲಿ ಹಕ್ಕುಪತ್ರ ಪಡೆದ ಈ ಪೆಟ್ಟಿಗೆ ನಮ್ಮ ರಂಗಭೂಮಿಯ ಪ್ರಾಣವಾಯಿತು. ಅದೇ ಪೆಟ್ಟಿಗೆಯನ್ನು ನಮ್ಮ ಆಕಾಶವಾಣಿ 1940ರಿಂದ 1971ರವರೆಗೆ, ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲವೆಂದು, ಹೊರಗಿಟ್ಟಿತ್ತು. ಅದು ಬೇರೆಯೇ ಕಥೆ.

ಕೆಟ್ಟ ರಾತ್ರಿ ದೊಡ್ಡವರನ್ನೂ ಬಿಟ್ಟಿಲ್ಲ. 1816ರಲ್ಲಿ ರೋಮ್ ನಗರದಲ್ಲಿ ರೊಸ್ಸಿನಿಯ 'ಸೆವಿಲ್ಲಿನ ಕ್ಷೌರಿಕ' ಮೊದಲ ಬಾರಿ ನಡೆದಾಗ ಜನ ಗೇಲಿ ಮಾಡಿದರು. ನಡುವೆ ಒಂದು ಬೆಕ್ಕು ರಂಗದ ಮೇಲೆ ಬಂದಿತಂತೆ. ಮಾರನೆಯ ರಾತ್ರಿ ರೊಸ್ಸಿನಿ ಮನೆಯಲ್ಲೇ ಉಳಿದ. ಅಂದು ನಾಟಕ ಗೆದ್ದಿತು. 1904ರ ಫೆಬ್ರವರಿ 17ರಂದು ಮಿಲಾನಿನ ಲಾ ಸ್ಕಾಲಾದಲ್ಲಿ ಪುಚ್ಚೀನಿಯ 'ಮದಾಮ ಬಟರ್‌ಫ್ಲೈ'ಗೆ ಬಿದ್ದ ಕೂಗಾಟ ಇದಕ್ಕಿಂತ ಕಠೋರ. ಬೆಳಗಿನ ಜಾವದ ದೃಶ್ಯಕ್ಕೆ ಹಕ್ಕಿಗಳ ಚಿಲಿಪಿಲಿ ಕೇಳಿಸಿದರೆ ಪ್ರೇಕ್ಷಕರು ತಾವೂ ಹಕ್ಕಿಗಳಂತೆ ಕೂಗಿ ಅಣಕಿಸಿದರು. ಪುಚ್ಚೀನಿ ಒಂದೇ ಪ್ರದರ್ಶನಕ್ಕೆ ಕೃತಿಯನ್ನು ಹಿಂತೆಗೆದುಕೊಂಡ. ಬಹಳ ಉದ್ದವಾಗಿದ್ದ ಎರಡನೆಯ ಅಂಕವನ್ನು ಇಬ್ಭಾಗ ಮಾಡಿದ, ತಿದ್ದಿದ. ಅದೇ ವರ್ಷ ಮೇ 28ರಂದು ಬ್ರೆಶಿಯಾ ಎಂಬ ಊರಿನಲ್ಲಿ ಅದೇ ಕೃತಿ ಜಯಭೇರಿ ಹೊಡೆಯಿತು. ಕತ್ತರಿ ಆಡಿಸಿದವನು ಕೃತಿಕಾರನೇ, ಕತ್ತರಿಸಿದ್ದು ಹಾಡನ್ನು ಉಳಿಸಲು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮಾದಾಪುರದ ಕಂಪನಿ ಕತ್ತರಿಸಿದ್ದು ಮಾತ್ರ ಹಾಡನ್ನೇ. ಅವರನ್ನು ಬೈಯುವುದು ಸುಲಭ. ತಾತನ ಬೆಂಚಿನಲ್ಲೇ ಕುಳಿತು ಶಿಳ್ಳೆ ಹಾಕಿದವನಿಗೆ ಆ ಹಕ್ಕಿಲ್ಲ. ಹಾಡಿಗೆ ಎದ್ದು ಹೋಗುವ, ಹಾಸ್ಯಕ್ಕೆ ಮರಳುವ ಪ್ರೇಕ್ಷಕರನ್ನು ಊರೂರಿನಲ್ಲೂ ಕಂಡ ಮಾಲೀಕ ಏನು ಮಾಡಬೇಕು? ಒಳ್ಳೆಯ ಹಾಡುಗಾರನಿಗೂ ಮಾಸ್ತರರಿಗೂ ಸಂಬಳ ಬೇಕು. ಕ್ಯಾಸೆಟ್ಟಿಗೆ ಒಮ್ಮೆ ದುಡ್ಡು ಕೊಟ್ಟರೆ ಆಯಿತು.

ಈ ಪ್ರೇಕ್ಷಕ ಎಲ್ಲಿಂದ ಬಂದ? ಇಲ್ಲಿ 1934ರ ಮಾರ್ಚ್ 3ಕ್ಕೆ ಹೋಗಬೇಕು. ಅಂದು ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬಿಡುಗಡೆಯಾಯಿತು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಾಟಕರಂಗದವರೇ. ಹಾಡಿನ ಮೋಹ ಒಮ್ಮೆಲೇ ಹೋಗಲಿಲ್ಲ; ಹಿಂದಿಯ 'ಇಂದ್ರಸಭಾ' (1932) ಚಿತ್ರದಲ್ಲಿ ಸುಮಾರು ಎಪ್ಪತ್ತು ಹಾಡುಗಳಿದ್ದವು. ಆ ದಿನಗಳಲ್ಲಿ ನಟ ಕ್ಯಾಮೆರಾ ಮುಂದೆಯೇ ಹಾಡಬೇಕಿತ್ತು; ವಾದ್ಯದವರು ಚಿತ್ರದಲ್ಲಿ ಕಾಣದಂತೆ ಮರದ ಮರೆಯಲ್ಲೋ ಗೋಡೆಯ ಮರೆಯಲ್ಲೋ ಕುಳಿತು ನುಡಿಸುತ್ತಿದ್ದರು. 1935ರ ಹೊತ್ತಿಗೆ ಹಿನ್ನೆಲೆ ಗಾಯನದ ತಂತ್ರ ಬಂತು. ಮುಖ ಒಬ್ಬರದು, ದನಿ ಇನ್ನೊಬ್ಬರದು. ಮುನ್ನೂರು ವರ್ಷ ಒಪೆರಾದಲ್ಲಿ, ಐವತ್ತು ವರ್ಷ ಕಂಪನಿಯಲ್ಲಿ ಒಂದೇ ದೇಹದಲ್ಲಿದ್ದ ಎರಡು ವಿದ್ಯೆಗಳು ಬೇರೆಯಾದವು. ಮೈಕಿಗೆ ಹಾಡುವವನು ಕೊನೆಯ ಸಾಲನ್ನು ಮುಟ್ಟಬೇಕಾಗಿಲ್ಲ. ಕಿವಿಯಲ್ಲಿ ಉಸುರಿದಂತೆ ಹಾಡಬಹುದು. ಆ ಮೃದು ದನಿಗೆ ಒಗ್ಗಿದ ನಮ್ಮ ಕಿವಿಗೆ ರಂಗಗಾಯಕನ ತೆರೆದ ಗಂಟಲು ಕಿರುಚಿದಂತೆ ಕೇಳತೊಡಗಿತು.

ಡಾ. ರಾಜ್‌ಕುಮಾರ್ ಅವರ ಉದಾಹರಣೆ ನೋಡಿ. ತಂದೆ ಪುಟ್ಟಸ್ವಾಮಯ್ಯನವರೂ ಮಗನೂ ಗುಬ್ಬಿ ಕಂಪನಿಯಲ್ಲಿ ಹಾಡಿ ನಟಿಸಿದವರು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಆಮೇಲಿನ ಸುಮಾರು ಇಪ್ಪತ್ತು ವರ್ಷ, ಬೆರಳೆಣಿಕೆಯ ಹಾಡು ಬಿಟ್ಟರೆ, ತೆರೆಯ ಮೇಲೆ ಅವರಿಗೆ ಹಾಡಿದವರು ಬೇರೆಯವರು, ಮುಖ್ಯವಾಗಿ ಪಿ. ಬಿ. ಶ್ರೀನಿವಾಸ್. ಹಾಡಲು ಬಲ್ಲ ನಟ ತುಟಿ ಆಡಿಸುತ್ತಿದ್ದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಹಾಡಿದ ಮೇಲೆ ಅವರ ಸ್ವಂತ ದನಿ ಮರಳಿ ಬಂತು. 1992ರ 'ಜೀವನ ಚೈತ್ರ' ಚಿತ್ರದ ಹಾಡಿಗೆ ಶ್ರೇಷ್ಠ ಗಾಯಕನೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಗುಬ್ಬಿ ಕಂಪನಿಯಲ್ಲೇ ಹುಡುಗನಾಗಿದ್ದ ಇನ್ನೊಬ್ಬರು ಬಿ. ವಿ. ಕಾರಂತರು (1929–2002). ಅವರು ಹವ್ಯಾಸಿ ರಂಗಭೂಮಿಗೆ ಹಾಡನ್ನು ಹೊಸ ರೂಪದಲ್ಲಿ ಮರಳಿ ತಂದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. ನಮ್ಮ ತಗಡಿನ ಥಿಯೇಟರಿನ ಮೇಲೆ ಮಳೆ ಹೊಯ್ದದ್ದು ಅದಾಗಿ ಎರಡು ವರ್ಷಕ್ಕೆ. ಆ ಹೊಸ ಹಾಡು ಮಾದಾಪುರದ ಮೈದಾನವನ್ನು ತಲುಪಿರಲಿಲ್ಲ.

ಹೂಮಳೆ ಬಂದ ಎರಡು ದಿನಕ್ಕೆ ಕಂಪನಿ ತಗಡು ಬಿಚ್ಚಿ ಲಾರಿಗೆ ಹೇರಿತು. ತೋಟಗಳು ಹೂ ಬಿಟ್ಟಾಗ ಅವರು ಎಲ್ಲಿದ್ದರೋ. ತಾತ ಆ ಮೇಲೆ ಯಾವ ನಾಟಕಕ್ಕೂ ಹೋಗಲಿಲ್ಲ.

ನಾನು ಟಿ. ವಿ. ಸೇರಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವೃತ್ತಿರಂಗಭೂಮಿಯ ಹಿರಿಯ ಕಲಾವಿದರೊಬ್ಬರ ಸಂದರ್ಶನ ಮಾಡಿದೆ. ಎಂಬತ್ತು ದಾಟಿದವರು. ಮಾತಿನ ನಡುವೆ ಹಾರ್ಮೋನಿಯಂ ಎಳೆದುಕೊಂಡು ಒಂದು ರಂಗಗೀತೆಯನ್ನು ಪೂರ್ತಿ ಹಾಡಿದರು, ಹನ್ನೊಂದು ನಿಮಿಷ. ಕಾರ್ಯಕ್ರಮದ ಅವಧಿ ಅರ್ಧ ಗಂಟೆ. ಎಡಿಟಿಂಗ್ ಟೇಬಲ್ಲಿನಲ್ಲಿ ನಾನು ಯೋಚಿಸಿದ್ದು ಪ್ರೇಕ್ಷಕರ ಬಗ್ಗೆ. ಹನ್ನೊಂದು ನಿಮಿಷ ಹಾಡು ಹಾಕಿದರೆ ಚಾನೆಲ್ ಬದಲಾಯಿಸುತ್ತಾರೆ ಎಂದುಕೊಂಡೆ. ಪಲ್ಲವಿ ಇಟ್ಟು ಉಳಿದದ್ದನ್ನು ತೆಗೆದೆ. ಐವತ್ತು ಸೆಕೆಂಡು. ಯಾರೂ ನನಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಮೂಲ ಟೇಪನ್ನು ಕೆಲವು ತಿಂಗಳ ಮೇಲೆ ಬೇರೆ ಚಿತ್ರೀಕರಣಕ್ಕೆ ನಾನೇ ತೆಗೆದುಕೊಂಡೆ. ಆ ಕಲಾವಿದರು ಈಗಿಲ್ಲ. ಆ ಹಾಡು ಇರುವುದು ಐವತ್ತು ಸೆಕೆಂಡು ಮಾತ್ರ. 'ಪಲ್ಲವಿಗೇ ನಿಲ್ಲಿಸಿಬಿಟ್ಟನಲ್ಲ' ಎಂಬ ಮಾತು ಮತ್ತೆ ನೆನಪಾಗುವ ಹೊತ್ತಿಗೆ ಟೇಪಿನ ಮೇಲೆ ಯಾವುದೋ ಉದ್ಘಾಟನಾ ಸಮಾರಂಭ ಕುಳಿತಿತ್ತು.

ಈಗ ನಿಮಗೆ ಎರಡು ಕೆಲಸ. ಮೊದಲನೆಯದು ಸುಲಭ. ನಿಮ್ಮ ಶಾಲೆಯ ಅಥವಾ ಕಾಲೇಜಿನ ಸಭಾಂಗಣದಲ್ಲಿ ಒಬ್ಬರನ್ನು ಒಂದು ತುದಿಯಲ್ಲಿ ನಿಲ್ಲಿಸಿ ಮೈಕಿಲ್ಲದೆ ಹಾಡಿಸಿ. ಐದು, ಹತ್ತು, ಇಪ್ಪತ್ತು ಮೀಟರ್ ದೂರದಲ್ಲಿ ನಿಂತು ಎಷ್ಟು ಪದ ಸ್ಪಷ್ಟವಾಗಿ ಕೇಳಿಸಿತು ಎಂದು ಬರೆದುಕೊಳ್ಳಿ. ಫ್ಯಾನುಗಳನ್ನು ಹಾಕಿ ಮತ್ತೊಮ್ಮೆ ಮಾಡಿ. ಆಮೇಲೆ ಅದೇ ಹಾಡನ್ನು ಮೇಲಿನ ಶ್ರುತಿಯಲ್ಲಿ ಹಾಡಿಸಿ ಹೋಲಿಸಿ. ನಿಮ್ಮದು ಮಲೆನಾಡಾದರೆ ತಗಡಿನ ಶೆಡ್ಡಿನಲ್ಲಿ, ಮಳೆ ಬರುವಾಗ ಮಾಡಿ ನೋಡಬಹುದು.

ಎರಡನೆಯದಕ್ಕೆ ಸ್ವಲ್ಪ ಓಡಾಟ ಬೇಕು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹಲವು ನಾಟಕ ಕಂಪನಿಗಳು ಒಟ್ಟಿಗೆ ಬಿಡಾರ ಹೂಡುತ್ತವೆ. ಬೇರೆ ಜಾತ್ರೆಗಳಲ್ಲೂ ಕಾಣುತ್ತೀರಿ. ನಿಮ್ಮ ಊರಿನಲ್ಲೇ ಹಿಂದೆ ಕಂಪನಿಯಲ್ಲಿ ಪಾರ್ಟು ಮಾಡಿದವರು ಇರಬಹುದು. ಅವರಿಂದ ಒಂದು ರಂಗಗೀತೆ ಹಾಡಿಸಿ. ನಿಮ್ಮ ಮೊಬೈಲಿನಲ್ಲಿ ಸ್ಥಳವಿದೆ. ಅವರು ಎಷ್ಟು ಹೊತ್ತು ಹಾಡುತ್ತಾರೋ ಅಷ್ಟು ಹೊತ್ತು ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ನಾಟಕ, ರಾಗ, ಊರು, ತಾರೀಕು ಎಲ್ಲವನ್ನೂ ಜೊತೆಗೆ ಬರೆದಿಡಿ. ನನ್ನ ಟೇಪಿನ ಡಬ್ಬಿಯ ಮೇಲೆ ನಾನು ಬರೆದಿದ್ದುದು ಅವಧಿಯನ್ನು ಮಾತ್ರ.